ವೆಂಡೆಲ್ ಕಂಡದ್ದು

ನವೆಂಬರ್ 25, 1993, ಗುರುವಾರ

ವೆಸ್ಟಾಗೆ ಪ್ರತಿ ಭಾನುವಾರ ಪತ್ರ ಬರೆಯುತ್ತೇನೆ. ಆದರೆ ನನ್ನ ತಂಗಿ ಟೆಕ್ಸಸ್‌ನಲ್ಲಿ ಕೂತು ಆ ಪತ್ರವನ್ನು ತನ್ನ ಓಣಿಗೆಲ್ಲ ಓದಿ ಹೇಳುವವಳು. ಅವಳಿಗೆ ಬರೆಯಲಾಗದ್ದನ್ನು ಇನ್ನು ಮೇಲೆ ಇಲ್ಲಿ ಬರೆದಿಡುತ್ತೇನೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳ ಕಾಗುಣಿತವನ್ನು ಇಲ್ಲಿ ಯಾರೂ ತಿದ್ದುವುದಿಲ್ಲ.

ಇವತ್ತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮಗಳು ಡಾರ್ಲಾಳ ಮನೆಯಲ್ಲಿ. ಟರ್ಕಿ ಕೋಳಿ ಹದವಾಗಿ ಬೆಂದಿತ್ತು. ಜೋಳದ ರೊಟ್ಟಿಗೆ ಮಾತ್ರ ಸಕ್ಕರೆ ಹಾಕಿದ್ದಳು, ಅದನ್ನು ಎಲ್ಲಿ ಕಲಿತಳೋ. ಊಟದ ನಡುವೆ ಗಂಡನ ಕಡೆ ನೋಡಿ, "ಹೇಳ್ಬಿಡಿ ವೆಂಡೆಲ್, ಅಮ್ಮ ಟಿಕೆಟ್ ಇಟ್ಕೊಂಡು ಕೂತಿದ್ದಾಳೆ" ಎಂದಳು.

"ಶನಿವಾರದ ಆಟ ನನ್ನದು, ಮಿಸ್ ಒಲೀಟಾ" ಎಂದ ಅಳಿಯ.

ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಹ್ಯಾಡ್ಲಿ ಕಾಲೇಜಿಗೂ ಕ್ಲೇ ಸ್ಟೇಟ್ ಕಾಲೇಜಿಗೂ ಆಟ! ಈ ರಾಜ್ಯದಲ್ಲಿ ಮದುವೆ ಇಡುವಾಗಲೂ ಆ ಶನಿವಾರ ಬಿಟ್ಟೇ ಇಡುತ್ತಾರೆ. ವೆಂಡೆಲ್ ವಾರವಿಡೀ ಊರಿನ ಔಷಧಿ ಅಂಗಡಿ ನಡೆಸುತ್ತಾನೆ, ಶನಿವಾರ ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಕಾಲೇಜು ಫುಟ್‌ಬಾಲಿಗೆ ರೆಫ್ರಿಯಾಗಿ ಹೋಗುತ್ತಾನೆ. ಓದಿದ್ದು ಬೇರೆ ರಾಜ್ಯದಲ್ಲಿ. ಹಾಗಾಗಿ ಅವನನ್ನು ನಮ್ಮ ಹ್ಯಾಡ್ಲಿಯ ಆಟಕ್ಕೆ ಹಾಕಲು ಲೀಗಿನವರಿಗೆ ಅಡ್ಡಿಯಿಲ್ಲ.

"ನೋಡಪ್ಪಾ, ಹ್ಯಾಡ್ಲಿ ಮೇಲೆ ತಪ್ಪು ಹೊರಿಸಿ ಹಳದಿ ಬಟ್ಟೆ ಎಸೆದ್ರೆ ಬರೋ ವರ್ಷ ನಿನ್ನ ತಟ್ಟೆಗೆ ಟರ್ಕಿ ಕತ್ತು ಮಾತ್ರ" ಎಂದೆ.

"ಕತ್ತಿನ ಮೇಲೆ ಗ್ರೇವಿನಾದ್ರೂ ಹಾಕ್ತೀರಾ?"

ಡಾರ್ಲಾ ನಗುತ್ತಾ ನೀರು ನೆತ್ತಿಗೇರಿಸಿಕೊಂಡಳು. ಅವಳು ಹೀಗೆ ನಕ್ಕು ಬಹಳ ದಿನವಾಗಿತ್ತು. ಜನವರಿಯಲ್ಲಿ ನಮ್ಮ ಚರ್ಚಿನ ಸಭೆ ವೆಂಡೆಲ್‌ನನ್ನು ಸಭೆಯ ಹಿರಿಯರ ಸಾಲಿಗೆ ಸೇರಿಸಿ ಡೀಕನ್ ಮಾಡುವ ಬಗ್ಗೆ ಕೈ ಎತ್ತಿ ತೀರ್ಮಾನಿಸಲಿದೆ. ಅವನು ಈ ಊರಿಗೆ ಬಂದು ಹದಿನಾರು ವರ್ಷವಾದರೂ ಜನರ ಬಾಯಲ್ಲಿ ಇನ್ನೂ "ಡಾರ್ಲಾ ಗಂಡ, ಆ ಹೊರಗಿನೋನು". ಡೀಕನ್ ಆದ ದಿನ ಆ ಮಾತು ನಿಲ್ಲುತ್ತದೆ.

ನವೆಂಬರ್ 27, ಶನಿವಾರ

ಸೋತೆವು. ನಾಳೆ ಬರೆಯುತ್ತೇನೆ.

ನವೆಂಬರ್ 28, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಶೀತ ಎಂದು ಹೇಳಿ ಕಳಿಸಿದೆ.

ಮೊದಲ ತೀರ್ಪಿನ ಮಾತು ಬೇರೆ. ನಮ್ಮ ಹುಡುಗ ಮೈದಾನದ ಅರ್ಧ ಓಡಿ, ಚೆಂಡನ್ನು ತುದಿಯ ಗೆರೆ ದಾಟಿಸಿ ಆರು ಅಂಕದ ಟಚ್‌ಡೌನ್ ಮಾಡಿದ್ದ. ಹಿಂದೆ ನಮ್ಮವನೊಬ್ಬ ಕ್ಲೇ ಸ್ಟೇಟಿನವನ ಅಂಗಿ ಹಿಡಿದು ಎಳೆದನೆಂದು ವೆಂಡೆಲ್ ಹಳದಿ ಬಟ್ಟೆ ಎಸೆದ. ಓಟ ರದ್ದಾಯಿತು. ಬೈದುಕೊಂಡೆವು, ಕಡಲೆಕಾಯಿ ಸುಲಿದೆವು, ಮರೆತೆವು.

ಎರಡನೆಯದು ಕೊನೆಯ ಗಳಿಗೆಯದು. ನಾಲ್ಕು ಅಂಕ ಹಿಂದಿದ್ದೆವು. ಚೆಂಡು ಮೈದಾನದ ತುದಿಯ ಮೂಲೆಗೆ ಹಾರಿತು. ನಮ್ಮ ಹುಡುಗ ನೆಗೆದು ಎರಡೂ ಕೈಯಲ್ಲಿ ಹಿಡಿದ. ಇಳಿಯುವಾಗ ಒಂದು ಕಾಲು ಬಿಳಿ ಗೆರೆಯ ಒಳಗೆ ಊರಿದರೆ ಸಾಕಿತ್ತು, ಆಟ ನಮ್ಮದು. ಗೆರೆಯನ್ನು ಮುಟ್ಟಿದ್ದರೂ ಹೊರಗೇ. ಅಲ್ಲಿ ನಿಂತಿದ್ದವನು ವೆಂಡೆಲ್. ಹುಡುಗನ ಕಾಲನ್ನೇ ನೋಡುತ್ತಿದ್ದ. ಎರಡು ಕೈಗಳನ್ನು ಅಡ್ಡಡ್ಡ ಬೀಸಿದ. ಹೊರಗೆ.

ನಾನೂ ಎದ್ದು ನಿಂತು ಕೂಗಿದೆ. ಏನು ಕೂಗಿದೆನೆಂದು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ಫ್ಲೋರೀನ್ ಇದ್ದಳು. ನನ್ನ ಗಂಡ ಹಾಯ್ಟ್ ತೀರಿಕೊಂಡ ಮೇಲೆ ಅವನ ಸೀಟಿನಲ್ಲಿ ಅವಳೇ ಕೂರುವುದು. ನನ್ನ ತೋಳು ಹಿಡಿದು, "ಒಲೀಟಾ, ಅದು ನಿನ್ನ ಅಳಿಯ ಕಣೇ" ಎಂದಳು. ಆಗ ಬಾಯಿ ಮುಚ್ಚಿದೆ.

ಮೈದಾನದಿಂದ ಅವನನ್ನು ಪೋಲೀಸರ ನಡುವೆ ಕರೆದೊಯ್ದರು. ಯಾರೋ ಎಸೆದ ಐಸು ತುಂಬಿದ ಲೋಟ ಅವನ ಕಿವಿಗೆ ಬಡಿಯಿತು. ಅವನು ತಿರುಗಿ ನೋಡಲಿಲ್ಲ.

ನವೆಂಬರ್ 30, ಮಂಗಳವಾರ

ನಿನ್ನೆಯಿಂದ ಡಾರ್ಲಾಳ ಮನೆಯಲ್ಲಿದ್ದೇನೆ. ಫೋನು ನಿಲ್ಲುತ್ತಿಲ್ಲ. ಅವಳನ್ನು ಮಲಗಲು ಕಳಿಸಿ ನಾನೇ ಎತ್ತುತ್ತೇನೆ.

"ಕುರುಡ ಇದಾನಾ?" ಎಂದು ಒಂದು ದನಿ.

"ಇಲ್ಲ, ಅವನ ಅತ್ತೆ ಇದಾಳೆ. ನೀನ್ಯಾರ ಮಗ?"

"ಅದೆಲ್ಲ ನಿಂಗ್ಯಾಕಜ್ಜಿ?"

"ದನಿ ಕೇಳಿದ್ರೆ ಟಿಡ್‌ವೆಲ್ ಮನೆಯೋನ ಹಾಗಿದೀಯ. ನಿಮ್ಮಮ್ಮನಿಗೆ ಭಾನುವಾರ ಸಿಗ್ತೀನಿ ಅಂತ ಹೇಳು."

ಫೋನು ಇಟ್ಟ. ವೆಂಡೆಲ್ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ನಿಮ್ಮನ್ನೇ ಮೈದಾನಕ್ಕೆ ಕರ್ಕೊಂಡು ಹೋಗ್ಬೇಕಿತ್ತು" ಎಂದ. ಅವನ ಕಿವಿಯ ಹತ್ತಿರ ನೀಲಿಗಟ್ಟಿತ್ತು. ಈ ಮನುಷ್ಯ ಹಾಯ್ಟ್‌ನ ಕೊನೆಯ ದಿನಗಳಲ್ಲಿ ಅಂಗಡಿ ಮುಚ್ಚಿದ ಮೇಲೆ ಬಂದು ಅವನಿಗೆ ಗಡ್ಡ ಹೆರೆದು ಹೋಗುತ್ತಿದ್ದವನು. ಇವನ ತಂಟೆಗೆ ಬರುವವರು ಮೊದಲು ನನ್ನನ್ನು ದಾಟಿ ಬರಲಿ.

ಡಿಸೆಂಬರ್ 1, ಬುಧವಾರ

ಬಟ್ಟಲು ಒರೆಸುತ್ತಾ ಡಾರ್ಲಾ ಪಿಸುಗುಟ್ಟಿದಳು. "ಅಮ್ಮಾ, ಯಾರಿಗೂ ಹೇಳ್ಬೇಡ. ಲೀಗಿನೋರು ಟೇಪ್ ನೋಡಿದಾರೆ. ಎರಡು ತೀರ್ಪೂ ಸರಿ ಅಂತ ಇವರಿಗೆ ಫೋನ್ ಮಾಡಿ ಹೇಳಿದ್ರು."

"ಪತ್ರಿಕೇಲಿ ಹಾಕಿಸೋಕೇನು ಧಾಡಿ?"

"ಹಾಗೆ ಹೇಳೋ ಪದ್ಧತಿ ಇಲ್ಲ. ಇವರೂ ಬಾಯಿ ಬಿಡೋ ಹಾಗಿಲ್ಲ, ಬಿಟ್ರೆ ಪಟ್ಟೆ ಅಂಗಿ ಕಿತ್ಕೋತಾರೆ."

ಸರಿಯೆಂದು ಗೊತ್ತಿದ್ದೂ ಊರೆಲ್ಲರ ಬಾಯಿಗೆ ಬೀಳುವುದು! ಇದೆಂಥ ನೌಕರಿ?

ಡಿಸೆಂಬರ್ 3, ಶುಕ್ರವಾರ

ಶುಕ್ರವಾರ ಇಮೋಜೀನ್‌ಳ ಪಾರ್ಲರಿನಲ್ಲಿ ನಮ್ಮೆಲ್ಲರ ತಲೆಗೂದಲ ದಿನ. ನಾನು ಒಳಗೆ ಕಾಲಿಟ್ಟದ್ದೇ ಮಾತು ನಿಂತಿತು. ನೀರಿನ ಸದ್ದು ಮಾತ್ರ.

"ಯಾಕ್ರೇ, ಯಾರಾದ್ರೂ ಸತ್ತಿದಾರಾ?" ಎಂದೆ.

"ಹ್ಯಾಡ್ಲಿ" ಎಂದಳು ಫ್ಲೋರೀನ್, ಡ್ರೈಯರಿನ ಕೆಳಗಿನಿಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇಮೋಜೀನ್ ನನ್ನ ತಲೆಗೆ ಸುರುಳಿ ಸುತ್ತುತ್ತಾ, "ನಿನ್ನ ತಪ್ಪೇನಿದೆ ಒಲೀಟಾ. ನೀನೇನು ಹೆತ್ತಿದೀಯಾ ಅವನನ್ನ" ಎಂದಳು.

"ಅವನ ತಪ್ಪೂ ಇಲ್ಲ. ಅವನು ಹತ್ತಿರದಲ್ಲಿದ್ದ, ನೀವು ದೂರದಲ್ಲಿದ್ರಿ."

"ಟೀವಿಗಿಂತ ಹತ್ತಿರಾನಾ?" ಎಂದಳು ಫ್ಲೋರೀನ್. "ನಮ್ಮ ತಮ್ಮ ಟೇಪ್ ಮಾಡಿದಾನೆ. ನಿಲ್ಲಿಸಿ ನಿಲ್ಲಿಸಿ ನೋಡಿದ್ವಿ. ಹುಲ್ಲು ಕಾಣುತ್ತೆ ಕಣೇ, ಗೆರೆಗೂ ಕಾಲಿಗೂ ಮಧ್ಯೆ ಹಸಿರು ಹುಲ್ಲು!"

ಲೀಗಿನವರ ಮಾತು ನಾಲಿಗೆಯ ತುದಿಗೆ ಬಂದಿತ್ತು. ಡಾರ್ಲಾಗೆ ಮಾತು ಕೊಟ್ಟಿದ್ದೆ, ನುಂಗಿದೆ. ನುಂಗಿದ್ದೇ ಒಳ್ಳೆಯದಾಯಿತು. ಆಮೇಲೆ ಎಲ್ಲರೂ ಎಂದಿನಂತೆ ಮಾತಾಡಿದರು.

ಡಿಸೆಂಬರ್ 9, ಗುರುವಾರ

ಬೆಳಿಗ್ಗೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಜಿಂಕೆಯ ತಲೆ ಇಟ್ಟಿದ್ದರು. ಬೇಟೆಯ ಕಾಲ, ಜಿಂಕೆ ಸಿಗುವುದೇನು ಕಷ್ಟ. ಕತ್ತಿಗೆ ಪಟ್ಟೆ ಬಟ್ಟೆ ಸುತ್ತಿ, ಎರಡೂ ಕಣ್ಣಿನ ಮೇಲೆ ಗಾಯದ ಪಟ್ಟಿ ಅಂಟಿಸಿದ್ದರು. ಡಾರ್ಲಾ ನೋಡಿ ಅಲ್ಲೇ ವಾಂತಿ ಮಾಡಿಕೊಂಡಳು.

ವೆಂಡೆಲ್ ಮಂಡಿಯೂರಿ ಪಟ್ಟಿ ಕಿತ್ತು ನೋಡಿದ. "ಇದು ನಮ್ಮ ಅಂಗಡಿಯಿಂದಾನೇ ಹೋಗಿರೋದು" ಎಂದ. ಬಕೆಟ್ಟು ತಂದು ಮೆಟ್ಟಿಲು ತೊಳೆದ, ಎಂಟಕ್ಕೆ ಬಾಗಿಲು ತೆಗೆದ. ಮಧ್ಯಾಹ್ನದವರೆಗೆ ನಾನಲ್ಲಿದ್ದೆ. ಒಬ್ಬ ಗಿರಾಕಿ ಬಂದ, ಹೊರ ಊರಿನವನು, ದಾರಿ ಕೇಳಲು.

ಇದನ್ನು ವೆಸ್ಟಾಗೆ ಬರೆಯುವುದು ಹೇಗೆ? ನಮ್ಮೂರಿನ ಮಾನ ಏನಾದೀತು?

ಡಿಸೆಂಬರ್ 12, ಭಾನುವಾರ

ಊಟದ ಮೇಲೆ ವೆಂಡೆಲ್ ಹತ್ತಿರ ಮಾತಾಡಿದೆ. ಯಾರಾದರೂ ಮಾತಾಡಲೇಬೇಕಿತ್ತು.

"ತಪ್ಪು ಮಾಡ್ದೆ ಅಂತ ಹೇಳು ಅಂತಿಲ್ಲ ಕಣಪ್ಪ. ತಪ್ಪಾಗಿದ್ರೂ ಆಗಿರ್ಬಹುದು ಅನ್ನು, ಅಷ್ಟೇ. ಜನ ತಣ್ಣಗಾಗ್ತಾರೆ."

"ಯಾರಿಗೂ ಏನೂ ಹೇಳೋ ಹಾಗಿಲ್ಲ ನಾನು."

"ಪತ್ರಿಕೆಗೆ ಬೇಡ. ಚರ್ಚಿನ ಮೆಟ್ಟಿಲ ಮೇಲೆ ಇಬ್ಬರ ಹತ್ರ ಅಂದ್ರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ತಲುಪುತ್ತೆ."

ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ, "ಮಿಸ್ ಒಲೀಟಾ, ಆ ಹುಡುಗನ ಕಾಲಿನ ಹೆಬ್ಬೆರಳು ಗೆರೆ ಮೇಲಿತ್ತು. ಗೆರೆಯ ಬಿಳಿ ಪುಡಿ ಮೇಲೆ ಹಾರಿದ್ದು ಕಂಡೆ. ಕಂಡಿದ್ದನ್ನ ಕಾಣಲಿಲ್ಲ ಅಂದ್ಬಿಟ್ರೆ ಆಮೇಲೆ ನಾನು ನೋಡೋದಕ್ಕೆ ಏನು ಬೆಲೆ?" ಎಂದ.

ಡಾರ್ಲಾ ಅಡಿಗೆಮನೆಯಿಂದಲೇ ಅಂದಳು: "ಅವರನ್ನ ಬಿಡಮ್ಮ. ಜನವರೀಲಿ ಚರ್ಚಿನೋರು ಕೈ ಎತ್ತಿದ್ರೆ ಇಲ್ಲೇ ಉಳ್ಕೋತೀವಿ. ಎತ್ತದೆ ಹೋದ್ರೆ ಅಂಗಡಿ ಮಾರಿ ಹೊರಡ್ತೀವಿ. ನಮ್ಮದು ತೀರ್ಮಾನ ಆಗಿದೆ."

ಒಳ್ಳೆಯ ಮನುಷ್ಯ, ಒಪ್ಪುತ್ತೇನೆ. ಆದರೆ ಒಳ್ಳೆಯವರಿಗೂ ಸ್ವಲ್ಪ ಬಗ್ಗಲು ಬರಬೇಕು. ಹಾಯ್ಟ್ ಇದ್ದಿದ್ದರೆ ಬಗ್ಗುತ್ತಿದ್ದ. ನನ್ನ ಮಗಳು ಊರು ಬಿಡುವ ಮಾತಾಡುತ್ತಾಳೆ, ಇವನು ಹೆಬ್ಬೆರಳಿನ ಮಾತಾಡುತ್ತಾನೆ.

ಡಿಸೆಂಬರ್ 17, ಶುಕ್ರವಾರ

ಪಾರ್ಲರಿನಿಂದ ಫ್ಲೋರೀನ್‌ಳ ಮನೆಗೆ ಹೋದೆವು. ಅವಳು ಒತ್ತಾಯ ಮಾಡಿದಳು. ಪೀಕನ್ ಪೈ ಮಾಡಿದ್ದಳು, ಇಲ್ಲವೆನ್ನುವುದು ಹೇಗೆ. ಟೇಪು ಹಾಕಿದಳು. ಅವಳ ತಮ್ಮ ಕ್ಲೈಡ್ ನಿಲ್ಲಿಸುತ್ತಿದ್ದ, ಹಿಂದಕ್ಕೆ ಓಡಿಸುತ್ತಿದ್ದ, ಮತ್ತೆ ನಿಲ್ಲಿಸುತ್ತಿದ್ದ. ಚಿತ್ರ ಅಲುಗಾಡುತ್ತದೆ, ಮಧ್ಯೆ ಮಧ್ಯೆ ಮಂಜು ಸುರಿದ ಹಾಗಾಗುತ್ತದೆ.

ಮೊದಲ ಸಲ ನನಗೆ ಏನೂ ಕಾಣಲಿಲ್ಲ. ಎರಡನೆಯ ಸಲವೂ ಇಲ್ಲ.

"ಪೆನ್ಸಿಲ್ ತುದಿ ನೋಡಿ, ಮಿಸ್ ಒಲೀಟಾ. ಇಲ್ಲಿ. ಕಾಣ್ತಾ?" ಎಂದ ಕ್ಲೈಡ್.

"ಹಸಿರು" ಎಂದಳು ಫ್ಲೋರೀನ್.

ಹಲವು ಸಲ ನೋಡಿದ ಮೇಲೆ ನನಗೂ ಹಸಿರು ಕಂಡಿತು. ಬಾಯಿಂದ "ಹೌದಲ್ಲೇ" ಎಂದು ಬಂದುಬಿಟ್ಟಿತು. ಫ್ಲೋರೀನ್ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. "ನೀನು ನಮ್ಮೋಳೇ ಅಂತ ನಂಗೆ ಗೊತ್ತಿತ್ತು" ಎಂದಳು. ಲೀಗಿನವರು ಮಾತ್ರ ಅವನ ತೀರ್ಪು ಸರಿ ಅಂದಿದ್ದಾರಂತೆ ಎಂದು ಆಗ ಹೇಳಿದೆ. ಇನ್ನು ಗುಟ್ಟು ಮಾಡುವುದರಲ್ಲಿ ಏನಿದೆ? ಕ್ಲೈಡ್ ನಕ್ಕ. "ಅವರು ಅವರೋರನ್ನ ಬಿಟ್ಟುಕೊಡ್ತಾರಾ?" ಎಂದ. ಅದೂ ನಿಜವೇ.

ಪೈ ಬಹಳ ಚೆನ್ನಾಗಿತ್ತು.

ಡಿಸೆಂಬರ್ 23, ಗುರುವಾರ

ನನ್ನ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಫ್ಲೋರೀನ್ ಹೇಗೂ ಗ್ರೀರ್ ಊರಿನ ಔಷಧಿ ಅಂಗಡಿಗೆ ಹೊರಟಿದ್ದಳು, ನನ್ನ ಚೀಟಿಯನ್ನೂ ಅವಳ ಕೈಯಲ್ಲೇ ಕೊಟ್ಟೆ. ಹಬ್ಬದ ಮುಂಚೆ ವೆಂಡೆಲ್‌ಗೆ ಯಾಕೆ ತೊಂದರೆ. ಅವನಿಗೆ ತಲೆತುಂಬ ಚಿಂತೆ.

ಜನವರಿ 2, 1994, ಭಾನುವಾರ

ಹ್ಯಾಡ್ಲಿಯ ಕೋಚನ್ನು ತೆಗೆದುಹಾಕಿದರು. ಪಾಪ, ಎರಡು ಚಿಕ್ಕ ಮಕ್ಕಳು ಅವನಿಗೆ. ಒಂದು ತೀರ್ಪಿನಿಂದ ಎಷ್ಟು ಮನೆ ಹಾಳು. ಚರ್ಚಿನಲ್ಲಿ ವೆಂಡೆಲ್ ಮತ್ತು ಡಾರ್ಲಾ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ನನಗೆ ಕಿಟಕಿಯ ಪಕ್ಕ ಬೆಳಕು ಬೇಕು, ಹಾಡಿನ ಪುಸ್ತಕದ ಅಕ್ಷರ ಸಣ್ಣದು. ಅದಕ್ಕೆ ಫ್ಲೋರೀನ್ ಜೊತೆ ಕೂತೆ.

ಜನವರಿ 10, ಸೋಮವಾರ

ಪಾದ್ರಿ ಬ್ರದರ್ ಹಾಲಿಸ್ ಮನೆಗೆ ಬಂದಿದ್ದರು. ಎರಡು ಬಟ್ಟಲು ಕಾಫಿ ಕುಡಿದರೂ ಬಂದ ಕೆಲಸ ಹೇಳಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಬುಧವಾರ ವೆಂಡೆಲ್ ಹೆಸರು ಸಭೆ ಮುಂದೆ ಬರುತ್ತೆ" ಎಂದರು. "ಹೆಸರು ವಾಪಸ್ ತಗೊಳ್ಳೋಕೆ ಹೇಳಿ ನೋಡ್ದೆ. ಒಪ್ಪಲಿಲ್ಲ. ಸಭೆ ಏನು ಹೇಳುತ್ತೋ ಹೇಳ್ಲಿ ಅಂದ್ರು."

"ಅವನು ಹಾಗೇ."

"ಮುಕ್ಕಾಲು ಭಾಗ ಕೈ ಏಳ್ಬೇಕು, ಮಿಸ್ ಒಲೀಟಾ. ನಿಜ ಹೇಳ್ಬೇಕು ಅಂದ್ರೆ ಜನಕ್ಕೆ ಅವರ ಮೇಲೆ ದ್ವೇಷ ಇಲ್ಲ, ಮುಜುಗರ. ಯಾರೂ ಮೊದಲು ಎತ್ತೋಕೆ ತಯಾರಿಲ್ಲ. ಎಲ್ರೂ ನಿಮ್ಮನ್ನೇ ನೋಡ್ತಾರೆ. ನೀವು ಎತ್ತಿದ್ರೆ..." ಎಂದು ನಿಲ್ಲಿಸಿದರು.

"ನಾನು ಅವನ ಅತ್ತೆ, ಬ್ರದರ್ ಹಾಲಿಸ್. ಅದೇನು ಕೇಳೋ ಮಾತೇ?"

ಅವರಿಗೆ ಸಮಾಧಾನವಾಯಿತು. ಬಿಸ್ಕಿಟ್ಟು ಕಟ್ಟಿಕೊಟ್ಟೆ.

ಜನವರಿ 12, ಬುಧವಾರ

ಸಭೆ ಆರೂವರೆಗೆ. ಚಳಿ. ಡಾರ್ಲಾ ಎಂದಿನಂತೆ ಹಿಂದಿನ ಕೋಣೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ತನಗೆ ಮಕ್ಕಳಾಗಲಿಲ್ಲ, ಊರಿನವರ ಕೂಸುಗಳನ್ನೆಲ್ಲ ಅವಳೇ ಆಡಿಸಿದ್ದಾಳೆ. ಹೆಸರು ಬಂದವರು ಹೊರಗಿರಬೇಕೆಂಬ ನಿಯಮ, ವೆಂಡೆಲ್ ಎದ್ದು ಬಾಗಿಲು ಎಳೆದುಕೊಂಡು ಮೊಗಸಾಲೆಗೆ ಹೋದ.

ನಾನು ಮೂರನೆಯ ಸಾಲಿನಲ್ಲಿ, ಕಿಟಕಿಯ ಕಡೆ. ಎಡಕ್ಕೆ ಫ್ಲೋರೀನ್, ಹಿಂದೆ ಇಮೋಜೀನ್ ಮತ್ತು ನಮ್ಮ ಭಾನುವಾರದ ಪಾಠದ ಹೆಂಗಸರು. ಬ್ರದರ್ ಹಾಲಿಸ್, "ಒಪ್ಪುವವರು ಬಲಗೈ ಎತ್ತಬೇಕು" ಎಂದರು.

ಯಾವ ಕೈಯೂ ಏಳಲಿಲ್ಲ. ಹಿಂದಿನವರು ನನ್ನ ಬೆನ್ನನ್ನು ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಬ್ರದರ್ ಹಾಲಿಸ್ ಕೂಡ ನನ್ನನ್ನೇ ನೋಡುತ್ತಿದ್ದರು. ಫ್ಲೋರೀನ್ ತನ್ನ ಪರ್ಸಿನ ಕೊಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದಳು.

ನನ್ನ ಭುಜ ಹಿಡಿದುಕೊಂಡಿತ್ತು. ಚಳಿಗೆ ಹೀಗಾಗುತ್ತದೆ, ಈ ವಯಸ್ಸಿಗೆ ಸಹಜ. ಎತ್ತಬೇಕೆಂದಿದ್ದರೂ ಎತ್ತಲು ಆಗುತ್ತಿರಲಿಲ್ಲ. ಎಡಗೈ ಎತ್ತಬಹುದಿತ್ತು, ಆದರೆ ಅವರು ಬಲಗೈ ಎಂದೇ ಹೇಳಿದ್ದರು.

ಅಲ್ಲೊಂದು ಇಲ್ಲೊಂದು ಕೈ ಎದ್ದವು. ಟಿಡ್‌ವೆಲ್ ಹೆಂಗಸು ಎತ್ತಿದಳು, ನೋಡಿದಿರಾ, ಅವಳ ಮಗನೇ ಫೋನಿನಲ್ಲಿ ಬೈದವನು. ಹಿಂದೆ ಇಮೋಜೀನ್ ಅರ್ಧ ಎತ್ತಿ ಕೂದಲು ಸರಿಮಾಡಿಕೊಂಡಳಂತೆ. ಮುಕ್ಕಾಲಿರಲಿ, ಕಾಲು ಭಾಗವೂ ಆಗಲಿಲ್ಲ.

ಬ್ರದರ್ ಹಾಲಿಸ್ ಬಹಳ ಹೊತ್ತು ಕಾದರು. ಅಷ್ಟು ಹೊತ್ತು ಕಾಯುವ ಅಗತ್ಯವೇನಿತ್ತೋ.

ಮನೆಗೆ ಬಂದು ಭುಜಕ್ಕೆ ಮುಲಾಮು ಹಚ್ಚಿದೆ.

ಜನವರಿ 13, ಗುರುವಾರ

ವೆಸ್ಟಾಗೆ ಪತ್ರ ಬರೆದೆ. ಹವಾಮಾನದ ವಿಚಾರ, ಕ್ಯಾಮೆಲಿಯಾ ಹೂ ಬಿಟ್ಟ ವಿಚಾರ.

ಫೆಬ್ರವರಿ 19, ಶನಿವಾರ

ಅಂಗಡಿ ಮಾರಿದರು. ಓಹಾಯೋದಲ್ಲಿ ವೆಂಡೆಲ್‌ಗೆ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಸಿಕ್ಕಿದೆಯಂತೆ. ರೆಫ್ರಿ ಕೆಲಸವನ್ನೂ ಬಿಟ್ಟನಂತೆ, ಯಾರೂ ತೆಗೆಯಲಿಲ್ಲ, ತಾನೇ ಬಿಟ್ಟ. ಓಹಾಯೋ! ಅಲ್ಲಿ ಜನ ಚಹಾಕ್ಕೆ ಸಕ್ಕರೆಯನ್ನೂ ಹಾಕುವುದಿಲ್ಲ. ಊರಿನವರು ಸ್ವಲ್ಪ ತಾಳಿಕೊಂಡಿದ್ದರೆ ಇವರು ಹೋಗುತ್ತಿರಲಿಲ್ಲ. ಜನರ ಮನಸ್ಸು ಎಷ್ಟು ಗಟ್ಟಿಯಾಗಿಬಿಡುತ್ತದೆ. ಪಾರ್ಲರಿನಲ್ಲಿ ಹಾಗೆಂದು ಹೇಳಿಯೂ ಹೇಳಿದೆ. ಎಲ್ಲರೂ ಹೌದು ಹೌದು ಎಂದರು.

ಮಾರ್ಚ್ 26, ಶನಿವಾರ

ಹೋದರು.

ಬೆಳಿಗ್ಗೆ ಅವರ ಮನೆಗೆ ಹುರಿದ ಕೋಳಿ, ಮೊಟ್ಟೆ, ಸಿಹಿಗೆಣಸಿನ ಪೈ ಎಲ್ಲ ಡಬ್ಬಿಗೆ ತುಂಬಿಕೊಂಡು ಹೋಗಿದ್ದೆ. ಬಾಡಿಗೆಯ ಲಾರಿ ಅಂಗಳದಲ್ಲಿತ್ತು. ವೆಂಡೆಲ್ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದ. ಬೀದಿಯ ಯಾರೂ ಹೊರಗೆ ಬಂದಿರಲಿಲ್ಲ.

ಡಾರ್ಲಾ ನನ್ನನ್ನು ಮಗ್ಗುಲಿಗೆ ಕರೆದಳು. ತೂಕ ಇಳಿದುಹೋಗಿದ್ದಾಳೆ.

"ಅಮ್ಮಾ, ಒಂದು ಮಾತು ಕೇಳ್ಬೇಕು ನಿನ್ನ. ಕೇಳ್ದೆ ಹೋದ್ರೆ ಅಲ್ಲಿ ಹೋದ ಮೇಲೂ ಕೊರೀತಾ ಇರುತ್ತೆ."

"ಕೇಳು ಮಗಾ."

"ಆ ಬುಧವಾರ ನಾನು ಕೂಸುಗಳ ಹತ್ರ ಇದ್ದೆ. ಯಾರ್ಯಾರು ಏನು ಮಾಡಿದ್ರು ನಂಗೊತ್ತಿಲ್ಲ, ಗೊತ್ತಾಗೋದೂ ಬೇಡ. ನೀನು ಕೈ ಎತ್ತಿದ್ಯಾ?"

ಭುಜದ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೇ ನೋಡುತ್ತಿದ್ದಳು.

ಲಾರಿಯ ಹತ್ತಿರದಿಂದ ವೆಂಡೆಲ್, ತಿರುಗದೆ, ಹಗ್ಗ ಎಳೆಯುತ್ತಲೇ ಅಂದ: "ಎತ್ತಿದ್ರು. ನಾನು ನೋಡ್ದೆ."

"ನೀವು ಹೊರಗಿದ್ರಲ್ಲ?"

"ಬಾಗಿಲಲ್ಲಿ ಗಾಜಿದೆಯಲ್ಲ. ಮೂರನೇ ಸಾಲು, ಕಿಟಕಿ ಕಡೆ. ಎಲ್ಲರಿಗಿಂತ ಮೊದಲು ಎದ್ದ ಕೈ ಅವರದೇ."

ಡಾರ್ಲಾ ನನ್ನ ಕೊರಳಿಗೆ ಬಿದ್ದು ಅತ್ತಳು. ಅತ್ತು ಹಗುರಾದಳು. ಕಣ್ಣೊರೆಸಿಕೊಂಡು, ಪೈ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲಾರಿ ಹತ್ತಿದಳು. ವೆಂಡೆಲ್ ನನ್ನ ಹತ್ತಿರ ಬಂದು ಟೋಪಿ ತೆಗೆದ. "ಆರೋಗ್ಯ ನೋಡ್ಕೊಳ್ಳಿ, ಮಿಸ್ ಒಲೀಟಾ. ಮಾತ್ರೆ ತಪ್ಪಿಸ್ಬೇಡಿ" ಎಂದ. ನನ್ನ ಮುಖ ನೋಡಲಿಲ್ಲ, ನನ್ನ ಬೂಟನ್ನು ನೋಡಿ ಹೇಳಿದ.

ಈಗ ಮನೆಯಲ್ಲಿ ಒಬ್ಬಳೇ ಕೂತು ಅದನ್ನೇ ಯೋಚಿಸುತ್ತಿದ್ದೇನೆ. ಆ ಬಾಗಿಲಿನ ಗಾಜು ಮಸುಕಲ್ಲ. ಮೊಗಸಾಲೆಯಿಂದ ಮೂರನೆಯ ಸಾಲು ದೂರವೂ ಅಲ್ಲ. ನನ್ನ ಎರಡೂ ಕೈ ಮಡಿಲಲ್ಲಿದ್ದವು, ಹಾಡಿನ ಪುಸ್ತಕದ ಮೇಲೆ. ಅವನಿಗೆ ಅದು ಎತ್ತಿದ ಹಾಗೆ ಕಂಡಿದೆ! ಇಷ್ಟು ಹತ್ತಿರದಲ್ಲಿ, ಇದ್ದಲ್ಲೇ ಇದ್ದ ಕೈಯನ್ನು ಹೀಗೆ ತಪ್ಪಾಗಿ ಕಂಡವನು, ಓಡುತ್ತಿದ್ದ ಹುಡುಗನ ಹೆಬ್ಬೆರಳನ್ನು ಸರಿಯಾಗಿ ಕಂಡಿದ್ದನೆಂದು ಹೇಗೆ ನಂಬುವುದು? ಫ್ಲೋರೀನ್ ಹೇಳಿದ್ದೇ ಸರಿ. ಅವನ ಕಣ್ಣಿನಲ್ಲೇ ಏನೋ ದೋಷವಿದೆ.

ಅಲ್ಲಿ ಒಳ್ಳೆಯ ಡಾಕ್ಟರಿಗೆ ಅವನ ಕಣ್ಣು ತೋರಿಸು ಎಂದು ಡಾರ್ಲಾಗೆ ಬರೆಯೋಣವೆಂದು ಕೂತೆ. ಎರಡು ಸಾಲು ಬರೆದೆ. ಯಾಕೆ ಎಂದು ಕೇಳುತ್ತಾಳೆ. ಹರಿದುಹಾಕಿದೆ.